ಎರಡು ಬೆರಳು ಮೇಲೆ

ಮಂಗಳವಾರ, ೧೪. ರಾತ್ರಿ.

ಬೋರ್ಡು ಸರಿಯಾಗಿಯೇ ಇದೆ. ನಾಲ್ಕು ಸಲ ಅಳೆದಿದ್ದೇನೆ.

ನಾನೊಬ್ಬಳೇ ಬರೆದ ಮೊದಲ ಬೋರ್ಡು ಅದು. ಟೈಲರಕ್ಕ ತನ್ನ ಅಂಗಡಿಯ ಮುಂದೆ ನಿಂತು ನೋಡಿದವಳೇ, "ಹೆಸರು ಕೆಳಕ್ಕೆ ಜಾರಿದೆಯಲ್ಲೇ" ಎಂದಳು. ಕೊರಳಲ್ಲಿದ್ದ ಟೇಪು ತೆಗೆದು ತಾನೇ ಅಳೆದಳು. ಮೇಲೆ ಒಂಬತ್ತು ಇಂಚು, ಕೆಳಗೂ ಒಂಬತ್ತು. "ಅಳತೆ ಸರಿ ಇದ್ರೂ ಬಟ್ಟೆ ಮೈಗೆ ಕೂರದೇ ಹೋಗುತ್ತಲ್ಲ, ಹಾಗಾಗಿದೆ."

ಕೆಲಸ ಕಲಿಸಿದ ದೊಡ್ಡಪ್ಪ ರಸ್ತೆಯ ಆಚೆಯಿಂದ ನೋಡಿದರು. "ಇಬ್ರೂ ಸರೀನೇ. ಕಣ್ಣು ನಡುವನ್ನ ಸ್ವಲ್ಪ ಮೇಲೇ ಹುಡುಕುತ್ತೆ ಮಗಳೇ. ಎರಡು ಬೆರಳು ಮೇಲೆ ಬರೀಬೇಕಿತ್ತು."

"ಮೊದಲೇ ಹೇಳಬಾರದಿತ್ತಾ?"

"ಸ್ಕೇಲಿಂದ ತಲೆ ಎತ್ತಿದ್ರೆ ತಾನೇ ನೀನು ಕೇಳೋದು!"

ನಾಳೆ ಅಳಿಸಿ ಬರೆಯಬೇಕು. ಮತ್ತೆ ಕೆಟ್ಟರೆ ಬ್ರಷ್ ತೊಳೆಯುವ ಕೆಲಸಕ್ಕೇ ವಾಪಸು.

ನಿದ್ದೆ ಬರುತ್ತಿಲ್ಲ. ಬಾಗಿಲು, ಕಿಟಕಿ, ಈ ಪುಟದ ಸಾಲುಗಳು, ಎಲ್ಲವೂ ಜಾರಿದಂತೆ ಕಾಣುತ್ತಿವೆ. ನನ್ನ ಕಣ್ಣೇ ನನಗೆ ಮೋಸ ಮಾಡಿದರೆ ಯಾವುದನ್ನು ನಂಬಲಿ?

ಗೋಡೆಯಲ್ಲಿ ಅಪ್ಪನ ಫೋಟೋ ಇದೆ. ಅಮ್ಮನೇ ಬಿಳಿ ರಟ್ಟಿನ ನಡುವೆ ಅಂಟಿಸಿ ಚೌಕಟ್ಟು ಹಾಕಿಸಿದ್ದು. ಅದು ಎಂದೂ ಜಾರಿದಂತೆ ಕಂಡಿಲ್ಲ. ಎದ್ದು ಅಳೆದೆ. ಮೇಲೆ ಎರಡು ಇಂಚು, ಕೆಳಗೆ ಎರಡೂಮುಕ್ಕಾಲು. ಅಮ್ಮ ಸ್ಕೇಲು ಮುಟ್ಟಿದವಳೇ ಅಲ್ಲ.

ಎಬ್ಬಿಸಿ ಕೇಳಿದೆ. "ಅಲ್ಲೇ ನಡು ಅನ್ನಿಸ್ತು, ಅಂಟಿಸ್ದೆ. ದೀಪ ಆರಿಸೇ" ಎಂದು ಮಗ್ಗುಲಾದಳು.

ನನಗೆ ಎಲ್ಲಿ ಅನ್ನಿಸುತ್ತದೋ. ನಾಳೆ ಸ್ಕೇಲು ಮನೆಯಲ್ಲೇ ಬಿಟ್ಟು ಹೋಗಲೇ? ಕೈ ಈಗಲೇ ಅದನ್ನು ಹುಡುಕುತ್ತಿದೆ.