ಗುಂಡಿ ಅಂಟಿಸಿದ ಲ್ಯಾಪ್‌ಟಾಪ್

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಆಪರೇಷನ್ ಆದ ಕಣ್ಣು ಈಗ ಹೇಗಿದೆ? ಪಟ್ಟಿ ಬಿಚ್ಚಿದರೇ? ಉರಿ ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಿ ತಾನೇ? ಫೋನಿನಲ್ಲಿ ಏನು ಕೇಳಿದರೂ "ಚೆನ್ನಾಗಿದೀನಿ ಬಿಡು" ಅಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಅಲ್ಲಿ ತನ್ನ ಮನೆಯಲ್ಲಿ ನಾದಿನಿ ಇದನ್ನು ಓದಿ ಹೇಳುವಾಗ ತನ್ನ ಉಪ್ಪುಖಾರ ಸೇರಿಸದಿದ್ದರೆ ಸಾಕು. ದೃಷ್ಟಿ ಎಷ್ಟು ಬರುತ್ತದೋ ನೋಡೋಣ ಎಂದು ಡಾಕ್ಟರು ಹೇಳಿದ್ದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡಿ.

ಈಗ ಇಲ್ಲಿಯ ಸುದ್ದಿ. ಹೋದ ವಾರ ನಿಮ್ಮ ಲ್ಯಾಪ್‌ಟಾಪ್ ಕೈಕೊಟ್ಟಿತು. ದೀಪ ಹತ್ತುತ್ತದೆ, ಒಳಗೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಜೊತೆಗೆ ಬೀಪ್ ಬೀಪ್ ಎಂಬ ಗೋಳಾಟ ಬೇರೆ. ಅದರ ಅಪ್ಪಣೆಯಿಲ್ಲದೆ ಕಸೂತಿ ಮಿಷನ್ ಒಂದು ಹೊಲಿಗೆಯನ್ನೂ ಹಾಕುವುದಿಲ್ಲವಲ್ಲ. ಆಸ್ಪತ್ರೆಗೆ ಹೊರಟಾಗ ನೀವು ಬಾಗಿಲಲ್ಲಿ ನಿಂತು ಅಂದಿದ್ದಿರಿ, "ಆ ಪೆಟ್ಟಿಗೆ ಕೆಟ್ರೆ ಮಿಷನ್ನೂ ಕೊಟ್ಬಿಡಿ. ಕಣ್ಣು ಕಾಣದೋಳಿಗೆ ಇನ್ನೇನು ಕಸೂತಿ?" ಪಕ್ಕದ ಬೀದಿಯ ದರ್ಜಿ ಅದನ್ನು ಹೇಗೆ ಕೇಳಿಸಿಕೊಂಡರೋ, ಆಗಲೇ ಎರಡು ಸಲ ಬಂದು ಮಿಷನ್ನಿನ ಬೆನ್ನು ಸವರಿ ಹೋಗಿದ್ದರು.

ನಿಮ್ಮ ಮಗ ಹೊಸ ಲ್ಯಾಪ್‌ಟಾಪ್ ತರೋಣ ಎಂದರು. ರಿಪೇರಿಯವನು ಊರಲ್ಲಿರಲಿಲ್ಲ, ಫೋನ್ ಮಾಡಿದೆ. "ಹೊಸದ್ರಲ್ಲಿ ಆ ಒಂಬತ್ತು ಪಿನ್ನಿನ ಪೋರ್ಟೇ ಇರಲ್ಲ ಅಕ್ಕ. ನಿಮ್ಮ ಹಳೇ ಮಿಷನ್ನಿಗೆ ಇವನೊಬ್ಬನೇ ಜೊತೆಗಾರ" ಎಂದ. ಆಮೇಲೆ, "ಬಿಚ್ಚೋದು ಕಷ್ಟವಿಲ್ಲ, ನಾನು ಹೇಳ್ತೀನಿ. ಮೊದ್ಲು ಹೊರಗಡೆ ಏನೇನಿದೆ ನೋಡಿ ಹೇಳಿ" ಎಂದ. ನಾನು ಏನೆಂದು ಹೇಳಲಿ ಅತ್ತೆ? ಎಲ್ಲವೂ ನನಗೆ ತೂತುಗಳೇ. ಆಗ ಕೈಗೆ ತಗುಲಿದ್ದು ನಿಮ್ಮ ಗುಂಡಿಗಳು. ಕಣ್ಣು ಮಂಜಾಗತೊಡಗಿದಾಗ ಒಂದೊಂದು ಕಿಂಡಿಯ ಪಕ್ಕಕ್ಕೂ ಒಂದೊಂದು ಅಂಟಿಸಿ, ವೈರಿನ ತುದಿಗೂ ಅದೇ ಗುಂಡಿ ಕಟ್ಟಿದ್ದಿರಲ್ಲ! ಚಾರ್ಜರ್ ಹೋಗುವ ದುಂಡು ತೂತಿಗೆ ಕೋಟಿನ ದೊಡ್ಡ ಗುಂಡಿ. ಮೌಸು, ಪೆನ್‌ಡ್ರೈವ್ ಸಿಕ್ಕಿಸುವ ಚಪ್ಪಟೆ ಯುಎಸ್‌ಬಿಗಳಿಗೆ ಅಂಗಿಯ ಗುಂಡಿ. ದೊಡ್ಡ ಪರದೆ ಜೋಡಿಸುವ ನೀಲಿ ಪೋರ್ಟಿಗೆ ಪ್ರೆಸ್ ಬಟನ್. ಮಿಷನ್ನಿನ ಒಂಬತ್ತು ಪಿನ್ನಿಗೆ ಕೊಕ್ಕೆ. ಇಂಟರ್ನೆಟ್ ವೈರಿನ ಕಿಂಡಿಗೆ ಏನೂ ಇಲ್ಲ, ಅದರ ಉಸಾಬರಿ ನಮಗೆ ಬೇಡ ಎಂದಿದ್ದಿರಿ. ನಾನು ಗುಂಡಿ ಹೇಳುತ್ತಾ ಹೋದೆ, ಅವನು ನಗುತ್ತಾ ಹೆಸರು ಹೇಳುತ್ತಾ ಹೋದ. "ಯಾರಕ್ಕ ಇದನ್ನ ಮಾಡಿದ್ದು?" ಎಂದು ಕೇಳಿದ. "ನಮ್ಮತ್ತೆ" ಎನ್ನುವಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನಿಮ್ಮ ಮಗ ನನ್ನ ಮುಖವನ್ನೇ ನೋಡಿದರು.

ವೈರುಗಳನ್ನೆಲ್ಲ ಕಿತ್ತು, ಬ್ಯಾಟರಿ ತೆಗೆದು, ಕವುಚಿ ಹಾಕಿದೆವು. ಬಿಚ್ಚಿದ ಸ್ಕ್ರೂ ಬೆರೆತುಹೋಗಬಾರದೆಂದು ಕಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದುಕೊಂಡು, ಎಲ್ಲಿಯದನ್ನು ಅಲ್ಲೇ ಚುಚ್ಚಿಡೋಣ ಎಂದುಕೊಂಡೆ. ಆದರೆ ನಿಮ್ಮ ಶಿಷ್ಯೆ ನೋಡಿ, ಕೈ ಸುಮ್ಮನಿರಬೇಕಲ್ಲ? ಅಂಗಿಯ ಬೆನ್ನು ಕತ್ತರಿಸುವಾಗಿನ ಹಾಗೆ ಕಾಗದವನ್ನು ಮಡಿಸಿ ಅರ್ಧವನ್ನೇ ಬರೆದೆ. ಎಡಗಡೆ ಇದ್ದದ್ದೇ ಬಲಗಡೆಯೂ ಇರುತ್ತದೆ ಎಂಬ ಭರವಸೆ. ಲ್ಯಾಪ್‌ಟಾಪಿಗೆ ಆ ಶಿಸ್ತೆಲ್ಲಿದೆ!

ಮುಚ್ಚಳ ತೆಗೆದರೆ ಫ್ಯಾನಿನ ತುಂಬ ನಮ್ಮ ಅಂಗಡಿಯ ದಾರದ ಧೂಳು, ಕೆಂಪು, ಹಳದಿ, ಹಸಿರು. ಇಷ್ಟು ವರ್ಷ ನೀವು ಹೊಲಿದ ಬಣ್ಣಗಳೆಲ್ಲ ಅಲ್ಲಿದ್ದವು. ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆ. ಫ್ಯಾನಿನ ಪಕ್ಕ ತಾಮ್ರದ ಪಟ್ಟಿ, ಮೂಲೆಯಲ್ಲಿ ಹಾರ್ಡ್ ಡಿಸ್ಕ್. "ನಿಮ್ಮತ್ತೆ ಬಿಡಿಸಿದ ಹೂವೆಲ್ಲ ಅದ್ರಲ್ಲೇ ಇರೋದು, ಅದರ ತಂಟೆಗೆ ಹೋಗ್ಬೇಡಿ" ಎಂದ ರಿಪೇರಿಯವನು ಫೋನಿನಲ್ಲಿ. ಹಸಿರು ಬೋರ್ಡಿನ ಮೇಲೆ ದುಂಡನೆಯ ಸೆಲ್ ಒಂದಿತ್ತು. ಅದೂ ನೀವೇ ಅಂಟಿಸಿದ ಗುಂಡಿ ಎಂದುಕೊಂಡೆ, ನಿಮ್ಮಾಣೆ! ಕೊನೆಗೆ ಸಿಕ್ಕಿದ್ದು, ಬೀಪ್ ಗೋಳಾಟಕ್ಕೆ ಅದೇ ಕಾರಣವಿರಬೇಕು ಎಂದು ಅವನು ಹೇಳಿದ್ದ ಮೆಮೊರಿ, ಮುರಿದ ಸ್ಕೇಲಿನಷ್ಟು ಉದ್ದದ ಎರಡು ಪಟ್ಟಿ. ಅದರಲ್ಲೊಂದು ಕ್ಲಿಪ್ಪಿನಿಂದ ಎದ್ದುನಿಂತಿತ್ತು. ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಓರೆಯಾಗಿ ಸಿಕ್ಕಿಸಿ ಒತ್ತಿದೆ. ಟಕ್ ಎಂದಿತು. ಬ್ಯಾಟರಿ ಹಾಕಿ ಬಟನ್ ಒತ್ತಿದರೆ ಬೀಪ್ ಇಲ್ಲ, ಪರದೆಯ ಮೇಲೆ ನಿಮ್ಮ ಸೇವಂತಿಗೆ! ನಿಮ್ಮ ಮಗ ಮೂಗು ಒರೆಸಿಕೊಂಡು ಧೂಳು ಎಂದರು. ನಾನು ಸುಳ್ಳು ಹೇಳುವುದಿಲ್ಲ, ಅತ್ತೇಬಿಟ್ಟೆ.

ವೈರುಗಳನ್ನು ಮತ್ತೆ ಜೋಡಿಸುವಾಗ ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು, ಗುಂಡಿಗೆ ಗುಂಡಿ ಸವರಿ ಸಿಕ್ಕಿಸಿದೆ. ಸೂಜಿ ಹಿಡಿಯಲು ಬಾರದ ನನಗೆ ಹೊಲಿಗೆ ಕಲಿಸಿದವರು ನೀವು. ನೀವಿಲ್ಲದಾಗಲೂ ನನ್ನ ಕೈ ಹಿಡಿದು ನಡೆಸಿದವರೂ ನೀವೇ. ಈ ಋಣ ನನಗೆ ಭಾರವೆನಿಸುವುದಿಲ್ಲ ಅತ್ತೆ, ಇರಲಿ.

ನಾದಿನಿಗೆ ನಾನು ಕೇಳಿದೆನೆಂದು ಹೇಳಿ, ಅವಳ ಗಂಡನಿಗೂ. ನಿಮ್ಮ ಕಾಲಿಗೆರಗಿ ಮುಗಿಸುತ್ತೇನೆ.

ನಿಮ್ಮ ಸೊಸೆ

ಮರೆತಿದ್ದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ: ನಿನ್ನೆ ದರ್ಜಿ ಬಂದಿದ್ದರು. ಮಿಷನ್ ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ನಿಮ್ಮನ್ನು ಕೇಳಲಿಲ್ಲ, ಬೈಯುವುದಿದ್ದರೆ ಬಂದು ಬೈಯಿರಿ. ಆ ಅರ್ಧ ಕಾಗದದ ಪುಣ್ಯದಿಂದ ಒಂದು ಸ್ಕ್ರೂ ಉಳಿದುಬಿಟ್ಟಿದೆ. ಟಾರ್ಚ್ ಹಿಡಿದು ಹುಡುಕಿದರೂ ನಮ್ಮಿಬ್ಬರ ನಾಲ್ಕು ಕಣ್ಣಿಗೆ ಅದರ ಜಾಗ ಸಿಗಲಿಲ್ಲ. ನಿಮ್ಮ ಬೆರಳಿಗೆ ಸಿಗುತ್ತದೆ. ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಬೇಗ ಬನ್ನಿ.