ಹೊರೆ ಇಳಿಸಿದವಳು

ಮಾರ್ಚ್ 3
ಬೋರ್ಡಿಗೆ ಎರಡನೇ ಕೋಟ್ ಪ್ರೈಮರ್ ಆಯ್ತು. ಮೊಣಕೈವರೆಗೂ ಬಿಳಿ. ಇಪ್ಪತ್ತಕ್ಕೆ ಯಾತ್ರೆ ಶುರು. ಅಷ್ಟರಲ್ಲಿ ಊರಿಗೆ 'ಹೊರೆ ಇಳಿಸಿದ ಜಾಗ' ಅನ್ನೋ ಅರ್ಥದ ಈ ಹೆಸರು ಹೇಗೆ ಬಂತು ಅಂತ ಬರೆದು ದಾರಿ ತಿರುವಲ್ಲಿ ನಿಲ್ಲಿಸಬೇಕು. ದೊಡ್ಡಪ್ಪ ಚೀಟಿ ಕೊಟ್ರು — ಯಾರೋ ಸಂತರು ಬೆಟ್ಟ ಹತ್ತುವಾಗ ಇಲ್ಲಿ ಗಂಟು ಇಳಿಸಿ ಧ್ಯಾನಕ್ಕೆ ಕೂತರಂತೆ. ದೊಡ್ಡಪ್ಪ ಅಂದ್ರೆ ಯಾತ್ರಾ ಸಮಿತಿ ಅಧ್ಯಕ್ಷರು. ಎದುರು ಮಾತಾಡೋ ಹಾಗಿಲ್ಲ.

ಮಾರ್ಚ್ 4
ಅಜ್ಜಿಗೆ ಚೀಟಿ ಓದಿ ಹೇಳಿದೆ. ಕೆಂಡವಾದಳು.
"ಸಂತರೂ ಇಲ್ಲ ಗಿಂತರೂ ಇಲ್ಲ! ಇಳಿಸಿದ್ದು ನಮ್ಮತ್ತೆ."
ಅಜ್ಜಿಯ ಅತ್ತೆ ಯಾತ್ರಿಕರನ್ನ ಬೆನ್ನ ಮೇಲೆ ಬುಟ್ಟಿಯಲ್ಲಿ ಹೊರೋಳು. ಬುಟ್ಟಿಯ ಪಟ್ಟಿ ಹಣೆಗೆ. ತುಂಬು ಬಸುರಿ. ಈ ತಿರುವಲ್ಲಿ ನೋವು ಬಂತು. "ಇಳೀರಿ ಸ್ವಾಮಿ" ಅಂದಳು ಬುಟ್ಟಿಯಲ್ಲಿದ್ದವನಿಗೆ. "ಮೇಲೆ ಹೋಗಿ ಹೆರು" ಅಂದನಂತೆ ಆ ಪುಣ್ಯಾತ್ಮ! ಇಳಿಸಿಯೇ ಬಿಟ್ಟಳು. ಬಂಡೆ ಮರೆಯಲ್ಲಿ ಹೆತ್ತಳು. ಮತ್ತೆ ಹತ್ತಲಿಲ್ಲ, ಇಳಿಯಲಿಲ್ಲ. ಅಲ್ಲೇ ಗುಡಿಸಲು ಹಾಕಿದಳು. ಊರಿನ ಮೊದಲ ಮನೆ ಅದು. ಆ ಮಗು ನಮ್ಮ ತಾತ.
ಅಜ್ಜಿಯೂ ಹೊತ್ತವಳೇ. ಹಣೆಯಲ್ಲಿ ಪಟ್ಟಿ ಕೊರೆದ ಗುಂಡಿ ಇದೆ, ನನ್ನ ಬೆರಳು ಕೂರುವಷ್ಟು. ಮುಟ್ಟಿದೆ. ಅಳು ಬಂತು. ಸಿಟ್ಟೂ ಬಂತು.

ಮಾರ್ಚ್ 5
ದೊಡ್ಡಪ್ಪನ ಹತ್ತಿರ ಹೋದೆ. ಅವರಿಗೆ ಕಥೆ ಗೊತ್ತು! "ಕೂಲಿಗೆ ಹೊತ್ತ ವಂಶ ಅಂತ ಡಂಗುರ ಹೊಡೀಬೇಕಾ? ಹೇಳಿದಷ್ಟು ಬರಿ. ಇಲ್ಲಾಂದ್ರೆ ಬ್ರಷ್ ಕೆಳಗಿಡು, ಬೇರೆಯವರು ಬರೀತಾರೆ."
ನಾಚಿಕೆಯಂತೆ. ಹೆತ್ತವರ ಬಗ್ಗೆ!

ಮಾರ್ಚ್ 14
ಎಂಟು ದಿನ ಏನೂ ಬರೆದಿಲ್ಲ ಇಲ್ಲಿ. ಯೋಚನೆ. ಬೋರ್ಡ್ ಕೆಲಸ ಬಿಟ್ರೆ ನನಗೆ ಇನ್ನೇನಿದೆ... ಆದ್ರೂ ಆಗಲ್ಲ. ಸುಳ್ಳು ಬರೆಯೋಕೆ ಕೈ ಬರಲ್ಲ.

ಮಾರ್ಚ್ 17
ನೀಲಿ ಸೀಮೆಸುಣ್ಣದಲ್ಲಿ ಸಂತರ ಕಥೆ ಗೀಚಿ ತೋರಿಸಿದೆ. ದೊಡ್ಡಪ್ಪ ಖುಷಿಯಾಗಿ "ಭೇಷ್" ಅಂದ್ರು. ಹೋದ್ಮೇಲೆ ಒದ್ದೆ ಬಟ್ಟೆ ತಗೊಂಡು ಒರೆಸಿದೆ. ಎಣ್ಣೆ ಬಣ್ಣದಲ್ಲಿ ಅಜ್ಜಿಯ ಅತ್ತೆ ಕಥೆ ಬರೆದೆ. ಏನಾಗುತ್ತೋ ಆಗ್ಲಿ.

ಮಾರ್ಚ್ 19, ಬೆಳಗ್ಗೆ 8
ಬೋರ್ಡ್ ನಿಂತಿದೆ. ಪಕ್ಕದ ಕಟ್ಟೆ ಮೇಲೆ ಕೂತು ಬರೀತಿದೀನಿ. ದೊಡ್ಡಪ್ಪ ಬಿಳಿ ಬಣ್ಣದ ಡಬ್ಬ ಹಿಡಿದು ಬಂದ್ರು, ಮುಖ ದುಮುದುಮು. ಹಿಂದೆಯೇ ಅಜ್ಜಿ, ಕೋಲೂರಿಕೊಂಡು.
"ನಂಗೆ ಅಕ್ಷರ ಬರಲ್ಲ. ಅಳಿಸೋ ಮುಂಚೆ ಏನಿದೆ ಅಂತ ಓದಿ ಹೇಳಪ್ಪ."
"ಅವ್ವಾ, ಮನೆಗೆ ನಡಿ."
"ಓದು."
ಓದ್ತಿದಾರೆ. ಮೊದಲು ಗಡಗಡ. ಬಂಡೆ ಮರೆಯ ಸಾಲಿಗೆ ಬಂದು ನಿಂತ್ರು.
"ಯಾಕೋ ನಿಲ್ಸಿದೆ? ಅಲ್ಲಿ ಹುಟ್ಟಿದ್ದು ನಿಮ್ಮಪ್ಪ. ಜೋರಾಗಿ ಓದು."
ಮತ್ತೆ ಶುರು ಮಾಡಿದ್ರು, ಮೊದಲ ಸಾಲಿನಿಂದ —