ಎರಡು ಸಲ ಕಳೆದ ಬುಟ್ಟಿ

ಅಂಗಡಿಯಿಂದ,
ಮಾರ್ಚ್ ೧೨, ಬುಧವಾರ

ಪ್ರೀತಿಯ ಮಗಳೇ,

ನೀನು ನನ್ನ ಫೋನು ಎತ್ತುತ್ತಿಲ್ಲ; ಎತ್ತು ಎಂದು ನಾನೂ ಹೇಳುವುದಿಲ್ಲ. ಕಾಗದವಾದರೆ ಸಿಟ್ಟು ಇಳಿದ ಮೇಲೂ ಓದಬಹುದು. ಎರಡು ಸಂಗತಿ ತಿಳಿಸಬೇಕು. ನನ್ನ ಸಿದ್ಧಾಂತ ತಪ್ಪು. ಹಾಗೆಂದು ನಿನ್ನ ಸಂದರ್ಶನ ಮಂಡಳಿಗೆ ನಾನೇ ಬರೆದು ಕೊಟ್ಟಿದ್ದೇನೆ.

ಬುಡದಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ನಿನಗೆ ಗೊತ್ತೇ ಇದೆ. ಮೂರು ವರ್ಷದ ಹಿಂದೆ ಊಟಕ್ಕೆ ಕೂತಾಗ ನೀನೇ ಹೇಳಿದ್ದು: ಏನೂ ಇಲ್ಲದ ಬರಿ ಜಾಗದಲ್ಲೂ ಶಕ್ತಿ ಇರುತ್ತದಂತೆ. ಲೆಕ್ಕ ಹಾಕಿದರೆ ಒಂದು ಉತ್ತರ, ಆಕಾಶ ಹಿಗ್ಗುವುದನ್ನು ನೋಡಿ ಅಳೆದರೆ ಇನ್ನೊಂದು. ಲೆಕ್ಕದ್ದು ಎಷ್ಟು ಪಾಲು ಹೆಚ್ಚೆಂದರೆ, ಒಂದರ ಮುಂದೆ ನೂರಿಪ್ಪತ್ತು ಸೊನ್ನೆ. ನಾನು ತುತ್ತು ಬಿಟ್ಟು ನಕ್ಕೆ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನಿಗೆ ಅದು ಪರಿಚಯದ ಕಾಯಿಲೆ. ತಟ್ಟೆಯ ಭಾರ ಕಳೆಯದೆ ತೂಗಿದ್ದಾರೆ ಅಷ್ಟೇ, ಬರಿ ಜಾಗವೇ ತಟ್ಟೆ, ಅಂದೆ. "ಅಷ್ಟು ಸುಲಭ ಇಲ್ಲಪ್ಪಾ" ಅಂದೆ ನೀನು. ಆ ಮಾತು ನನ್ನ ತಲೆ ಕೆಡಿಸಿತು.

ಆಮೇಲಿನದು ನಿನಗೆ ಗೊತ್ತು. ಆ ಸೊನ್ನೆಗಳನ್ನೆಲ್ಲ ಓಡಿಸಿದ್ದೇನೆ ಎಂದು ಮೂವತ್ತು ಪುಟದ ಪುಸ್ತಕ ಬರೆದು, ಅಚ್ಚು ಹಾಕಿಸಿ ಕಾಲೇಜುಗಳಿಗೆಲ್ಲ ಕಳಿಸಿದೆ. ಮುಖಪುಟದಲ್ಲಿ ನನ್ನ ಹೆಸರಿನ ಮೇಲೆ ನಿನ್ನ ಹೆಸರು. ಕೇಳಿದರೆ ಬೇಡ ಅನ್ನುತ್ತೀ ಎಂದೇ ಕೇಳಲಿಲ್ಲ. ನೀನು ಓದುತ್ತಿರುವ ಸಂಸ್ಥೆಯಲ್ಲೇ ಸಂಶೋಧನೆಯ ಕೆಲಸಕ್ಕೆ ಸಂದರ್ಶನಕ್ಕೆ ಕೂತ ದಿನ ಮಂಡಳಿಯ ಹಿರಿಯರು ಅದನ್ನೇ ಎತ್ತಿ ಹಿಡಿದು, "ಇದು ನಿಮ್ಮದೇನಮ್ಮಾ?" ಎಂದು ಕೇಳಿದರಂತೆ, ಉಳಿದವರು ಮೇಜು ನೋಡಿದರಂತೆ. ನಿನ್ನಮ್ಮ ಪಾತ್ರೆ ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದಳು. ಆಗಲೂ ನನ್ನ ಜಂಬ ಇಳಿಯಲಿಲ್ಲ. ದೊಡ್ಡ ವಿಷಯ ಹೇಳಿದವರನ್ನು ಕಂಡು ಜನ ಮೊದಲು ನಗುವುದೇ ಎಂದು ಗೋಡೆಗೆ ಭಾಷಣ ಬಿಗಿದೆ.

ಹೋದ ಸೋಮವಾರ ತರಕಾರಿಯಮ್ಮ ತನ್ನ ತೂಕದ ಯಂತ್ರ ಹೊತ್ತು ಬಂದಳು. "ಯಜಮಾನ್ರೇ, ರಿಪೇರಿ ಮಾಡಿದ್ರೋ, ನನ್ನ ಮನೆ ಹಾಳು ಮಾಡಿದ್ರೋ? ವಾರದಿಂದ ಬೀದಿಗೆಲ್ಲ ಧರ್ಮಕ್ಕೆ ಹಂಚ್ತಾ ಇದ್ದೀನಿ!" ಯಂತ್ರ ಸರಿಯಾಗಿಯೇ ಇತ್ತು. ಅವಳ ಬುಟ್ಟಿಯ ಅರ್ಧ ಕೆಜಿಯನ್ನು ಯಂತ್ರವೇ ಕಳೆಯುವಂತೆ ಕೂರಿಸಿದ್ದೆ, ಅವಳಿಗೆ ಹೇಳಿರಲಿಲ್ಲ. ಅವಳು ಎಂದಿನಂತೆ ಬಾಯಲ್ಲೂ ಅರ್ಧ ಕೆಜಿ ಕಳೆಯುತ್ತಿದ್ದಳು. ಒಂದೇ ಬುಟ್ಟಿಯನ್ನು ಇಬ್ಬರೂ ಕಳೆದಿದ್ದೆವು.

ಅವಳು ಹೋದ ಮೇಲೆ ಪುಸ್ತಕ ತೆರೆದೆ. ಮೂರನೇ ಪುಟದಲ್ಲಿ 'ತಟ್ಟೆಯ ಭಾರ' ಎಂದು ಕಳೆದಿದ್ದೇನೆ. ಹದಿನೇಳನೇ ಪುಟದಲ್ಲಿ 'ಬರಿ ಜಾಗದ ಭಾರ' ಎಂದು ಅದನ್ನೇ ಮತ್ತೆ ಕಳೆದಿದ್ದೇನೆ. ಒಂದು ಸಲ ಮಾತ್ರ ಕಳೆದು ನೋಡಿದೆ. ಓಡಿಸಿದ್ದ ನೂರಿಪ್ಪತ್ತು ಸೊನ್ನೆಗಳೂ ತವರಿಗೆ ಬಂದ ಹಾಗೆ ಸಾಲಾಗಿ ಬಂದು ಕೂತವು.

ಮಂಡಳಿ ನಾಡಿದ್ದು ತೀರ್ಮಾನಿಸುತ್ತದಂತೆ. ಅದಕ್ಕೆ ಮೊದಲು ಸಿಗಲಿ ಎಂದು ನಿನ್ನೆ ನಾನೇ ಹೋಗಿ ಕಾಗದವನ್ನು ಕಚೇರಿಯಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡೆ. ಸಿದ್ಧಾಂತ ತಪ್ಪು, ಮಗಳ ಹೆಸರು ಅವಳನ್ನು ಕೇಳದೆ ಹಾಕಿದ್ದು, ತಪ್ಪು ಪೂರ್ತಿ ನನ್ನದು, ಎಂದಷ್ಟೇ ಬರೆದಿದ್ದೇನೆ. ನಿನ್ನ ಕೋಣೆ ಮಹಡಿಯಲ್ಲಿದೆ ಎಂದು ಗುಮಾಸ್ತ ಮೆಟ್ಟಿಲು ತೋರಿಸಿದ. ಹತ್ತಲಿಲ್ಲ.

ಕೆಲಸ ಸಿಕ್ಕರೆ ನಿನ್ನಮ್ಮನಿಗೆ ಹೇಳು, ನನಗೆ ಮುಟ್ಟುತ್ತದೆ. ಆ ಸೊನ್ನೆಗಳು ನಿಜವಾಗಿ ಎಲ್ಲಿಂದ ಬಂದವೆಂದು ಯಾರಿಗಾದರೂ ಗೊತ್ತಾದ ದಿನ ಮಾತ್ರ ನನಗೇ ಒಂದು ಸಾಲು ಬರಿ.

ಇತಿ,
ನಿನ್ನ ಅಪ್ಪ

ತಾ.ಕ.: ತರಕಾರಿಯಮ್ಮನ ಜಗಳ ನಿಜ. ಅವಳಿಂದ ತಪ್ಪು ಹೊಳೆಯಿತು ಎಂಬುದು ಅರ್ಧ ನಿಜ. ಆ ದಿನ ನಾನು ತೆರೆದದ್ದು ಅಚ್ಚಾದ ಪುಸ್ತಕವಲ್ಲ, ನಿನ್ನಮ್ಮ ಅಚ್ಚಿಗೆಂದು ದುಂಡಗೆ ಬರೆದುಕೊಟ್ಟಿದ್ದ ಪ್ರತಿ. ಹದಿನೇಳನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವಳ ಅಕ್ಷರ: 'ಇದನ್ನು ಮೂರನೇ ಪುಟದಲ್ಲೇ ಕಳೆದಿರಲ್ಲಾ?' ಕೇಳಿದರೆ, "ಅವತ್ತೇ ಬಾಯಿಬಿಟ್ಟು ಹೇಳಿದ್ದೆ. 'ಒಲೆ ಮೇಲೆ ಹಾಲಿದೆ, ನೋಡು ಹೋಗು' ಅಂದ್ರಿ" ಅಂದಳು. ಹೋಗಿ ನೋಡಿದಳಂತೆ. ಒಲೆ ಹಚ್ಚಿಯೇ ಇರಲಿಲ್ಲವಂತೆ.